ಕಪ್ಲಿಂಗಿಗೆ ಅಂಕ ಕೊಡುವವರು ಯಾರು?

ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ಸಿಎನ್‌ಸಿ ರೂಟರ್ ಕಟ್ಟುವ ಎಂಜಿನಿಯರಿಂಗ್ ಹುಡುಗರು ಪರೀಕ್ಷೆ ಹತ್ತಿರವಾಗುತ್ತಿದ್ದಂತೆ ಪೀಣ್ಯದ ನನ್ನ ಲೇತ್ ಶಾಪಿಗೆ ಬರುತ್ತಾರೆ. ಮೋಟರು, ಡ್ರೈವರು, ಕಂಟ್ರೋಲರ್ ಬೋರ್ಡು ಎಲ್ಲವನ್ನೂ ಎಸ್.ಪಿ. ರೋಡಿನಲ್ಲಿ ಹತ್ತು ಅಂಗಡಿ ವಿಚಾರಿಸಿ ತಂದಿರುತ್ತಾರೆ. ಡ್ರಾಯಿಂಗೂ ಸೊಗಸಾಗಿರುತ್ತದೆ. ಮೋಟರಿನ ಶಾಫ್ಟು 6.35 ಮಿ.ಮೀ., ಅಂದರೆ ಕಾಲು ಇಂಚು. ಬಾಲ್ ಸ್ಕ್ರೂವಿನ ತುದಿ 10 ಮಿ.ಮೀ. ಇವೆರಡನ್ನೂ ಕೂಡಿಸುವ ಹೆಬ್ಬೆರಳು ಗಾತ್ರದ ಕಪ್ಲಿಂಗ್ ಬಗ್ಗೆ ಮಾತ್ರ ಯಾರೂ ತಲೆ ಕೆಡಿಸಿಕೊಂಡಿರುವುದಿಲ್ಲ. "ಅಂಕಲ್, ಇದರ ತೂತು ಸ್ವಲ್ಪ ದೊಡ್ಡದು ಮಾಡಿಕೊಡಿ" ಎಂದು ಕೈಗಿಡುತ್ತಾರೆ.

ಹುಡುಗರನ್ನು ನಾನು ದೂರುವುದಿಲ್ಲ. ದೂರಬೇಕಾದ್ದು ಅಂಕ ಕೊಡುವ ರೀತಿಯನ್ನು. ವೈವಾಕ್ಕೆ ಬಂದವರು ಲ್ಯಾಪ್‌ಟಾಪಿನ ಪರದೆ ನೋಡುತ್ತಾರೆ, ಕೋಡ್ ಬಗ್ಗೆ ಕೇಳುತ್ತಾರೆ. ಮೆಷಿನ್ ಕಾಲೇಜಿನ ಲೋಗೊ ಕೆತ್ತಿತೆಂದರೆ ಚಪ್ಪಾಳೆ, ಫೋಟೊ. ಆ ಲೋಗೊದ ವೃತ್ತ ನಿಜಕ್ಕೂ ದುಂಡಗಿದೆಯೇ ಎಂದು ಅಳೆಯುವವರಿಲ್ಲ.

ಲೆಕ್ಕ ಸುಲಭದ್ದೇ. ಸಾಮಾನ್ಯ ಸ್ಟೆಪ್ಪರ್ ಮೋಟರಿಗೆ ಸುತ್ತೊಂದಕ್ಕೆ 200 ಸ್ಟೆಪ್. 5 ಮಿ.ಮೀ. ಪಿಚ್‌ನ ಸ್ಕ್ರೂ ಆದರೆ ಸ್ಟೆಪ್ಪಿಗೆ 0.025 ಮಿ.ಮೀ. ಗ್ರಬ್ ಸ್ಕ್ರೂ ಸಡಿಲಗೊಂಡು, ದಿಕ್ಕು ಬದಲಾದಾಗಲೆಲ್ಲ ಶಾಫ್ಟು ಕಪ್ಲಿಂಗಿನೊಳಗೆ ಎರಡೇ ಸ್ಟೆಪ್ಪಿನಷ್ಟು, ಅಂದರೆ 3.6 ಡಿಗ್ರಿ, ಜಾರಿತು ಅನ್ನಿ, 0.05 ಮಿ.ಮೀ. ಹೋಯಿತು. ವೃತ್ತದ ಸುತ್ತ ಎಕ್ಸ್, ವೈ ದಿಕ್ಕು ಬದಲಿಸುವ ನಾಲ್ಕೂ ಜಾಗದಲ್ಲಿ ಗುರುತು ಬೀಳುತ್ತದೆ. "ಸಾಫ್ಟ್‌ವೇರಿನಲ್ಲಿ ಬ್ಯಾಕ್‌ಲ್ಯಾಷ್ ಸರಿಮಾಡ್ತೀವಿ ಅಂಕಲ್" ಅನ್ನುತ್ತಾರೆ. ನಟ್ಟಿನಲ್ಲಿರುವ ಒಂದೇ ಅಳತೆಯ ಪ್ಲೇ ಆದರೆ ಅಷ್ಟಿಷ್ಟು ಸರಿಹೋದೀತು. ಒಮ್ಮೆ ಇಷ್ಟು, ಇನ್ನೊಮ್ಮೆ ಅಷ್ಟು ಜಾರುವ ಗ್ರಬ್ ಸ್ಕ್ರೂವಿಗೆ ಯಾವ ನಂಬರ್ ಹಾಕುತ್ತೀರಪ್ಪ?

ಹೆಚ್ಚಾಗಿ ತರುವುದು ಸುರುಳಿಯಾಗಿ ಸೀಳಿದ ಅಲ್ಯೂಮಿನಿಯಂ ಕಪ್ಲಿಂಗನ್ನು. ಬಾಗುತ್ತದಲ್ಲ, ಸೆಂಟರ್ ಔಟ್ ಇದ್ದರೂ ಅದೇ ಸುಧಾರಿಸಿಕೊಳ್ಳುತ್ತದೆ ಎಂಬ ನಂಬಿಕೆ. ಕೂದಲೆಳೆಯಷ್ಟು ಔಟ್ ಆದರೆ ನಿಜ. ಒಂದು ಮಿಲಿಮೀಟರ್ ಔಟ್ ಇಟ್ಟು ಓಡಿಸಿದರೆ ಪ್ರತಿ ಸುತ್ತಿಗೂ ಬಾಗಿ ಬಾಗಿ ಒಂದು ದಿನ ಸೀಳಿನಲ್ಲೇ ತುಂಡಾಗುತ್ತದೆ. ಇದಕ್ಕಿಂತ ಕೆಟ್ಟದ್ದೆಂದರೆ, ಸ್ಕ್ರೂವಿಗೆ ಥ್ರಸ್ಟ್ ತಡೆಯುವ ಬೇರಿಂಗ್ ಹಾಕದೆ ಸ್ಪಿಂಡಲ್ಲಿನ ಭಾರವನ್ನೆಲ್ಲ ಕಪ್ಲಿಂಗಿಗೆ ನೇತುಹಾಕುವುದು. ಆಗ ಅದು ಹಿಗ್ಗಿ ಕುಗ್ಗಿ ಝಡ್ ಅಳತೆ ಏರುಪೇರಾಗುತ್ತದೆ. ಕಪ್ಲಿಂಗ್ ತಿರುಗಿಸುವ ಬಲವನ್ನಷ್ಟೇ ದಾಟಿಸಬೇಕು. ತಳ್ಳುವ, ಎಳೆಯುವ ಬಲವೆಲ್ಲ ಬೇರಿಂಗಿನ ಪಾಲು. ಮೋಟರ್ ಕಡೆ ಆಂಗ್ಯುಲರ್ ಕಾಂಟ್ಯಾಕ್ಟ್ ಬೇರಿಂಗ್ ಜೋಡಿ ಸ್ಕ್ರೂವನ್ನು ಬಿಗಿಯಾಗಿ ಹಿಡಿದಿರಲಿ, ಆಚೆ ತುದಿಗೆ ಸರಿದಾಡಲು ಬಿಡಿ. ಮೀಟರ್ ಉದ್ದದ ಉಕ್ಕಿನ ಸ್ಕ್ರೂ 10 ಡಿಗ್ರಿ ಬಿಸಿಯಾದರೆ ಹತ್ತಿರ ಹತ್ತಿರ 0.12 ಮಿ.ಮೀ. ಬೆಳೆಯುತ್ತದೆ.

ನನ್ನನ್ನು ಕೇಳಿದರೆ ಸ್ಟಾರ್ ರಬ್ಬರಿನ ಜಾ ಕಪ್ಲಿಂಗ್ ಸಾಕು, ಆದರೆ ಶಾಫ್ಟನ್ನು ಸುತ್ತಲೂ ಹಿಡಿಯುವ ಕ್ಲ್ಯಾಂಪ್ ಇರುವಂಥದ್ದು. ಪಂಪಿಗೆ ಹಾಕುವ ಮಾದರಿಯಲ್ಲಿ ರಬ್ಬರ್ ಲೊಡಲೊಡ ಅನ್ನುತ್ತದೆ, ಅದು ಬೇಡ. ಒತ್ತಿ ಕೂರಿಸಬೇಕಾದಷ್ಟು ಬಿಗಿ ಇರಬೇಕು. ಮೋಟರ್ ಪ್ಲೇಟಿನ ಬೋಲ್ಟ್ ಸಡಿಲ ಬಿಟ್ಟು, ಎರಡೂ ಶಾಫ್ಟನ್ನು ಒಂದೇ ಗೆರೆಗೆ ತಂದು, ಕಪ್ಲಿಂಗನ್ನು ಎಲ್ಲಕ್ಕಿಂತ ಕೊನೆಗೆ ಹಾಕಿ. ಶಿಮ್ ಬೇಕೆಂದರೆ ತಂಪು ಪಾನೀಯದ ಖಾಲಿ ಕ್ಯಾನ್ ಕತ್ತರಿಸಿಕೊಳ್ಳಿ, ಅದರ ತಗಡು ಸುಮಾರು 0.1 ಮಿ.ಮೀ. (ಈ ಕಸುಬನ್ನು ನೋಡಿ ನಗುವ ಮೇಷ್ಟರುಗಳೂ ಇದ್ದಾರೆ, ನಗಲಿ.) ಸೆಂಟರ್ ಸಿಗುವುದೇ ಇಲ್ಲವೆಂದರೆ ಮೋಟರನ್ನು ಪಕ್ಕಕ್ಕಿಟ್ಟು ಟೈಮಿಂಗ್ ಬೆಲ್ಟ್ ಹಾಕಿ. ಅದರಲ್ಲಿ ಅವಮಾನವೇನಿಲ್ಲ.

ನಾನು ಕೇಳುವುದಿಷ್ಟು: ವೈವಾ ದಿನ ಮೆಷಿನ್ ಮೇಲೆ ಒಂದು ಡಯಲ್ ಗೇಜ್ ಇರಲಿ. ಮುಳ್ಳನ್ನು ಸೊನ್ನೆಗಿಟ್ಟು ಟೇಬಲ್ಲನ್ನು 5 ಮಿ.ಮೀ. ಮುಂದಕ್ಕೆ, 5 ಮಿ.ಮೀ. ಹಿಂದಕ್ಕೆ ಓಡಿಸಲಿ. ಮುಳ್ಳು ಸೊನ್ನೆಗೆ ಬಂತೇ? ಬರದಿದ್ದರೆ ಎಲ್ಲಿ ಹೋಯಿತು ಎಂದು ಹುಡುಗರೇ ಹುಡುಕಿ ಹೇಳಲಿ. ಗೇಜಿಗೆ ಹೊಸ ಖರ್ಚೂ ಇಲ್ಲ, ಎಷ್ಟೋ ಕಾಲೇಜುಗಳ ಮೆಟ್ರಾಲಜಿ ಲ್ಯಾಬಿನ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿದೆ. ಪ್ರಶ್ನೆ ಕೇಳಲು ವರ್ಕ್‌ಶಾಪಿನ ಐಟಿಐ ಓದಿದ ಫಿಟ್ಟರನ್ನೋ ಟರ್ನರನ್ನೋ ಪರೀಕ್ಷಕರ ಪಕ್ಕ ಕೂರಿಸಿ, ಹತ್ತು ಅಂಕ ಅವರ ಕೈಗೆ ಕೊಡಿ. ಮುಂದಿನ ಬ್ಯಾಚಿನ ಹುಡುಗರು ಮೋಟರ್ ಕೊಳ್ಳುವ ಮೊದಲೇ ಕಪ್ಲಿಂಗ್ ಯಾವುದೆಂದು ಕೇಳಿಕೊಂಡು ಬರುತ್ತಾರೆ.