ರೋಗದ ಕಾಗದ ಯಾರ ಕೈಲಿ?



ಒಡವೆ ಪೆಟ್ಟಿಗೆಯ ಬೀಗದಕೈ ಎಲ್ಲಿದೆ ಎಂದರೆ ನಿದ್ದೆಗಣ್ಣಿನಲ್ಲೂ ಹೇಳುವ ನಾವು, ಮನೆಮಂದಿಯ ಡಾಕ್ಟರ ಚೀಟಿ, ರಕ್ತಪರೀಕ್ಷೆಯ ರಿಪೋರ್ಟು ಎಲ್ಲಿವೆ ಎಂದರೆ ತಡಕಾಡುತ್ತೇವೆ. ಒಂದಿಷ್ಟು ಬೀರುವಿನಲ್ಲಿ, ಒಂದಿಷ್ಟು ಬಟ್ಟೆ ಅಂಗಡಿಯ ಚೀಲದಲ್ಲಿ, ಈಗೀಗ ಬಹುಪಾಲು ಮೊಬೈಲಿನಲ್ಲಿ! ಅಲ್ಲಿಂದ ಮುಂದೆ ಯಾರ ಯಾರ ಮೊಬೈಲಿಗೆ ಹೋಯಿತೋ ದೇವರಿಗೇ ಗೊತ್ತು.

ಹಾಗೆಂದು ಕಾಯಿಲೆಯನ್ನು ಮುಚ್ಚಿಡಿ ಎಂದು ನಾನು ಹೇಳುತ್ತಿಲ್ಲ. ವೈದ್ಯರ ಮುಂದೆ ಸಂಕೋಚ ಸಲ್ಲದು. ಪೆನಿಸಿಲಿನ್ ಒಗ್ಗದ ಮೈ, ಸಕ್ಕರೆ ಕಾಯಿಲೆಯ ಮಾತ್ರೆ, ಹಿಂದಿನ ಹೆರಿಗೆಯಲ್ಲಾದ ತೊಂದರೆ, ಇವು ಹೊಸ ಡಾಕ್ಟರಿಗೆ ತಿಳಿಯದಿದ್ದರೆ ಜೀವಕ್ಕೇ ಸಂಚಕಾರ. ಅಪರಾತ್ರಿಯಲ್ಲಿ ಜಿಲ್ಲಾ ಆಸ್ಪತ್ರೆಗೆ ಓಡುವಾಗ ಹಳೇ ಚೀಟಿ ಹುಡುಕುತ್ತ ಕೂರಲಾದೀತೆ?

ಇದಕ್ಕೆಂದೇ ಕೇಂದ್ರ ಸರ್ಕಾರ 2021ರ ಸೆಪ್ಟೆಂಬರಿನಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಎಂಬ ಯೋಜನೆಯನ್ನು ದೇಶಾದ್ಯಂತ ಆರಂಭಿಸಿತು. ಇದರಲ್ಲಿ ಸಿಗುವ 14 ಅಂಕಿಗಳ ‘ಆಭಾ’ ಸಂಖ್ಯೆಗೆ ನಿಮ್ಮ ದಾಖಲೆಗಳನ್ನು ಜೋಡಿಸಬಹುದು. ದಾಖಲೆಗಳೆಲ್ಲ ಒಂದೇ ಉಗ್ರಾಣಕ್ಕೆ ಹೋಗಿ ಬೀಳುವುದಿಲ್ಲ. ತಯಾರಾದ ಆಸ್ಪತ್ರೆ, ಲ್ಯಾಬುಗಳಲ್ಲೇ ಇರುತ್ತವೆ. ಬೇರೊಬ್ಬ ಡಾಕ್ಟರು ನೋಡಬೇಕಾದರೆ ನಿಮಗೆ ಮೊಬೈಲಿನಲ್ಲಿ ಕೋರಿಕೆ ಬರುತ್ತದೆ. ಯಾವ ದಾಖಲೆ, ಯಾತಕ್ಕೆ, ಎಷ್ಟು ದಿನದ ಮಟ್ಟಿಗೆ ಎಂದು ನೋಡಿಕೊಂಡು ನೀವು ಹೂಂ ಅನ್ನಬೇಕು. ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಲೂಬಹುದು. ಆಭಾ ಮಾಡಿಸಲೇಬೇಕೆಂಬ ಕಡ್ಡಾಯವೂ ಇಲ್ಲ.

ಏರ್ಪಾಡು ಚೆನ್ನಾಗಿದೆ. ಆದರೆ ಆ ಮೊಬೈಲು ಯಾರದು? ಆಧಾರ್ ಮೂಲಕ ಆಭಾ ಮಾಡಿಸಿದರೆ ಒಟಿಪಿ ಬರುವುದು ಆಧಾರಿಗೆ ಜೋಡಿಸಿದ ನಂಬರಿಗೆ. ಎಷ್ಟೋ ಮನೆಗಳಲ್ಲಿ ಅದು ಯಜಮಾನರದು, ಇಲ್ಲವೆ ಮಗನದು. ಅವರು ನಂಬಿಗಸ್ತರೇ, ಇಲ್ಲವೆಂದವರಾರು? ಆದರೂ ನಿಮ್ಮ ಗರ್ಭಕೋಶದ ವಿಷಯಕ್ಕೆ ಹೂಂ ಅನ್ನಬೇಕಾದವರು ನೀವೇ ತಾನೆ?

“ಹೆಸರು ಇಲ್ಲದಿದ್ದರೆ ಯಾರಿಗೆ ಗೊತ್ತಾಗುತ್ತೆ ಬಿಡಿ” ಅಂತೀರಾ? ಅಮೆರಿಕದಲ್ಲಿ ನಡೆದದ್ದು ಕೇಳಿ. 1990ರ ದಶಕದಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದವರು ಸರ್ಕಾರಿ ನೌಕರರ ಆಸ್ಪತ್ರೆ ವಿವರಗಳನ್ನು, ಹೆಸರು ವಿಳಾಸ ತೆಗೆದುಹಾಕಿ, ಸಂಶೋಧಕರಿಗೆ ಕೊಟ್ಟರು. ಲತಾನ್ಯಾ ಸ್ವೀನಿ ಎಂಬ ವಿದ್ಯಾರ್ಥಿನಿ ಕೇಂಬ್ರಿಜ್ ಊರಿನ ಮತದಾರರ ಪಟ್ಟಿಯನ್ನು 20 ಡಾಲರಿಗೆ ಕೊಂಡರು. ಹುಟ್ಟಿದ ದಿನ, ಗಂಡೋ ಹೆಣ್ಣೋ, ಪಿನ್‌ಕೋಡು, ಈ ಮೂರನ್ನೇ ತಾಳೆ ನೋಡಿ ರಾಜ್ಯದ ಗವರ್ನರ್ ವಿಲಿಯಂ ವೆಲ್ಡ್ ಅವರ ದಾಖಲೆಯನ್ನು ಗುರುತು ಹಿಡಿದುಬಿಟ್ಟರು! ಅಲ್ಲೇ ಹೀಗಾದರೆ, ‘ತೇರುಬೀದಿ ಮೇಷ್ಟ್ರ ಎರಡನೇ ಮಗಳು’ ಎಂದರೆ ಸಾಕು, ಊರಿಗೆ ಊರೇ ತಿಳಿಯುವ ನಮ್ಮ ಪೇಟೆಗಳಲ್ಲಿ ಕೇಳಬೇಕೆ?

ಸಂಶೋಧಕರು ಈಗ ಬೇರೆ ದಾರಿಯನ್ನೂ ಹುಡುಕಿದ್ದಾರೆ. ಹತ್ತು ಮನೆಯವರು ಭರಣಿ ಹೊರಗಿಡದೆ, ಉಪ್ಪು ಖಾರದ ಅಳತೆ ಮಾತ್ರ ಹೇಳಿಕೊಂಡು ಒಳ್ಳೆಯ ಉಪ್ಪಿನಕಾಯಿ ಕಲಿತ ಹಾಗೆ, ಆಸ್ಪತ್ರೆಗಳು ದಾಖಲೆಯನ್ನು ಹೊರಗೆ ಕಳಿಸದೆ, ಕಂಪ್ಯೂಟರು ಅದರಿಂದ ಕಲಿತ ಲೆಕ್ಕವನ್ನಷ್ಟೇ ಹಂಚಿಕೊಳ್ಳುವುದು. ‘ಫೆಡರೇಟೆಡ್ ಲರ್ನಿಂಗ್’ ಎಂದು ಇದರ ಹೆಸರು. ಆದರೂ ದೊಡ್ಡ ಬೀಗವೂ ಒಮ್ಮೊಮ್ಮೆ ಮುರಿಯುತ್ತದೆ. 2022ರ ನವೆಂಬರಿನಲ್ಲಿ ದಿಲ್ಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರುಗಳ ಮೇಲೆ ದಾಳಿಯಾಗಿ, ಹಲವು ದಿನ ಕೆಲಸವನ್ನು ಕೈಬರಹದಲ್ಲೇ ನಡೆಸಬೇಕಾಯಿತು.

ಆದ್ದರಿಂದ ಮನೆಯಲ್ಲಿ ಇಷ್ಟು ಮಾಡಿ:

ಒಬ್ಬೊಬ್ಬರಿಗೂ ಒಂದು ಫೈಲು ಇಟ್ಟು, ಕಾಗದಗಳನ್ನು ತಾರೀಖಿನಂತೆ ಜೋಡಿಸಿ. ಮೊದಲ ಹಾಳೆಯಲ್ಲಿ ರಕ್ತದ ಗುಂಪು, ಒಗ್ಗದ ಔಷಧಿ, ಈಗ ನುಂಗುವ ಮಾತ್ರೆ ಬರೆದಿಡಿ.

ನಿಮ್ಮದೇ ನಂಬರು ಇದ್ದರೆ, ಆಧಾರ್ ಕೇಂದ್ರಕ್ಕೆ ಹೋಗಿ ಅದನ್ನೇ ಜೋಡಿಸಿಕೊಳ್ಳಿ. ಒಟಿಪಿಯನ್ನು ಫೋನಿನಲ್ಲಿ ಕೇಳಿದವರಿಗೆಲ್ಲ ಹೇಳಬೇಡಿ.

ಆಸ್ಪತ್ರೆಯಲ್ಲಿ ಮಲಗಿ ಚಿಕಿತ್ಸೆ ಪಡೆದವರ ದಾಖಲೆಯನ್ನು ವೈದ್ಯರು 3 ವರ್ಷ ಕಾದಿಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮವಿದೆ. ಧೈರ್ಯವಾಗಿ ಕೇಳಿ.

ಔಷಧಿ ಅಂಗಡಿಗೆ ಚೀಟಿ ಕಳಿಸುವಾಗ ಚೀಟಿ ಸಾಕು, ರಿಪೋರ್ಟು ಬೇಡ.

ಕೊನೆಯದಾಗಿ ಒಂದು ಮಾತು. ಸೊಸೆ ಬಸುರಿಯೆಂಬ ಸಂತೋಷಕ್ಕೆ ಸ್ಕ್ಯಾನಿಂಗ್ ರಿಪೋರ್ಟನ್ನು ನೆಂಟರ ವಾಟ್ಸಾಪ್ ಗುಂಪಿಗೆ ಹಾಕುವವರಿದ್ದಾರೆ. ಮಗಳ ಥೈರಾಯ್ಡ್ ವಿಷಯ, ಮದುವೆಯ ಮಾತು ಬರುವ ಮೊದಲೇ ಊರೆಲ್ಲ ಹಬ್ಬಿದ್ದೂ ಉಂಟು. ಹಬ್ಬಿಸಿದವರು ಹೆಚ್ಚಾಗಿ ಹೊರಗಿನವರಲ್ಲ, ಅಕ್ಕರೆಯ ಮನೆಯವರೇ. ಪ್ರಾಯಕ್ಕೆ ಬಂದ ಮಗಳಿರಲಿ, ಸೊಸೆಯಿರಲಿ, ವಯಸ್ಸಾದ ಅತ್ತೆಯವರಿರಲಿ, “ಇದನ್ನು ಅವರಿಗೆ ಹೇಳಲಾ?” ಎಂದು ಅವರನ್ನೇ ಒಂದು ಮಾತು ಕೇಳಿ. ಬೇಡ ಅಂದರೆ ಬಿಟ್ಟುಬಿಡಿ. ಏನಂತೀರಿ?