ಇಂಜಿನು ಕಾದಾಗ ಮೊದಲು ಕೇಳಬೇಕಾದ ಪ್ರಶ್ನೆ

ಜ್ವರವು ರೋಗದ ಲಕ್ಷಣವೇ ಹೊರತು ರೋಗವಲ್ಲವೆಂಬುದನ್ನು ವೈದ್ಯಶಾಸ್ತ್ರವನ್ನು ಓದದವರೂ ಬಲ್ಲರು. ಆದರೆ ಹಳೆಯ ಮೋಟಾರು ಕಾರಿನ ಇಂಜಿನು ಮಿತಿಮೀರಿ ಕಾದಾಗ ಈ ವಿವೇಕವು ಬಹುಮಂದಿಗೆ ಮರೆತುಹೋಗುತ್ತದೆ. ಮೊದಲು ರೇಡಿಯೇಟರನ್ನು ಬದಲಾಯಿಸುತ್ತಾರೆ. ಗುಣ ಕಾಣದಿದ್ದರೆ ನೀರಿನ ಪಂಪನ್ನು. ಅದರಿಂದಲೂ ಆಗದಿದ್ದರೆ ಥರ್ಮೋಸ್ಟಾಟನ್ನು ಕಿತ್ತೆಸೆಯುತ್ತಾರೆ. ಹಣ ಕರಗುತ್ತದೆ, ಕಾರಣ ತಿಳಿಯುವುದಿಲ್ಲ. ಈ ಕುರುಡು ಊಹೆಯನ್ನು ತಪ್ಪಿಸಲು ಬೇಕಾದಷ್ಟು ವಿದ್ಯೆಯು ಪ್ರೌಢಶಾಲೆಯ ಭೌತಶಾಸ್ತ್ರದಲ್ಲಿಯೇ ಇದೆಯೆಂಬುದು ನಮ್ಮ ಅಭಿಪ್ರಾಯ.

ಉದಾಹರಣೆಗೆ, 1950ರ ದಶಕದ ಕೊನೆಯಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾದ ಅಂಬಾಸಡರ್ ಕಾರನ್ನು ತೆಗೆದುಕೊಳ್ಳೋಣ. ಬಹುಕಾಲ ಅದರಲ್ಲಿ ಬಳಕೆಯಾದುದು 1489 ಘನ ಸೆಂಟಿಮೀಟರಿನ ಪೆಟ್ರೋಲ್ ಇಂಜಿನು. ಇಂತಹ ಇಂಜಿನಿನಲ್ಲಿ ಪೆಟ್ರೋಲು ಉರಿದು ಕೊಡುವ ಶಕ್ತಿಯ ಸುಮಾರು ಕಾಲುಭಾಗ ಮಾತ್ರ ಕೆಲಸವಾಗಿ ಮಾರ್ಪಡುತ್ತದೆ. ಉಳಿದುದರಲ್ಲಿ ಒಂದು ದೊಡ್ಡ ಪಾಲು ಹೊಗೆಯೊಡನೆ ಹೊರಹೋದರೆ, ಹೆಚ್ಚುಕಡಿಮೆ ಅಷ್ಟೇ ಪಾಲನ್ನು ತಂಪುಗೊಳಿಸುವ ನೀರು ಹೊತ್ತೊಯ್ದು ರೇಡಿಯೇಟರಿನ ಮೂಲಕ ಗಾಳಿಗೆ ಒಪ್ಪಿಸಬೇಕು. ಹುಟ್ಟುವ ಉಷ್ಣವೂ ಹೊರಹೋಗುವ ಉಷ್ಣವೂ ಸಮವಾಗಿರುವವರೆಗೆ ಉಷ್ಣತೆ ಸ್ಥಿರವಾಗಿರುತ್ತದೆ. ಆದುದರಿಂದ ಇಂಜಿನು ಕಾಯುವುದಕ್ಕೆ ಮೂಲದಲ್ಲಿ ಎರಡೇ ಕಾರಣಗಳು: ಉಷ್ಣ ಹೆಚ್ಚು ಹುಟ್ಟುತ್ತಿರಬೇಕು, ಇಲ್ಲವೇ ಹೋಗಬೇಕಾದಷ್ಟು ಹೋಗದಿರಬೇಕು.

ಹೀಗಿರಲಾಗಿ, ಯಾವ ಭಾಗವನ್ನು ಬದಲಾಯಿಸಬೇಕೆಂದು ಕೇಳುವುದಕ್ಕೆ ಮುಂಚೆ, ಇಂಜಿನು ಯಾವಾಗ ಕಾಯುತ್ತದೆಯೆಂದು ಕೇಳತಕ್ಕದ್ದು.

ಊರೊಳಗಿನ ಸಂದಣಿಯಲ್ಲಿ ನಿಂತಾಗ ಕಾದು, ಬಯಲು ರಸ್ತೆಯಲ್ಲಿ ಓಡುವಾಗ ತಣ್ಣಗಾಗುವುದಾದರೆ ಗಾಳಿಯ ಕಡೆಗೆ ನೋಡಬೇಕು. ಓಡುವ ಕಾರಿಗೆ ಗಾಳಿ ತಾನಾಗಿ ದೊರೆಯುತ್ತದೆ. ನಿಂತ ಕಾರಿಗೆ ಫ್ಯಾನೊಂದೇ ಗತಿ. ಈ ಇಂಜಿನಿನಲ್ಲಿ ಫ್ಯಾನು, ನೀರಿನ ಪಂಪು, ಡೈನಮೊ ಇವು ಮೂರೂ ಒಂದೇ ಬೆಲ್ಟಿನಿಂದ ತಿರುಗುತ್ತವೆ. ಕಾಯುವುದರ ಜೊತೆಗೆ ಬ್ಯಾಟರಿಯ ಎಚ್ಚರಿಕೆ ದೀಪವೂ ಹೊತ್ತಿಕೊಂಡರೆ ಬೆಲ್ಟು ಸಡಿಲಗೊಂಡಿದೆ ಅಥವಾ ಹರಿದಿದೆಯೆಂದು ಶಂಕಿಸಬಹುದು.

ಇದಕ್ಕೆ ವಿರುದ್ಧವಾಗಿ, ವೇಗವಾಗಿ ಓಡುವಾಗಲೋ ಘಟ್ಟ ಹತ್ತುವಾಗಲೋ ಮಾತ್ರ ಕಾಯುವುದಾದರೆ ರೇಡಿಯೇಟರಿನ ಕೊಳವೆಗಳು ಕಟ್ಟಿಕೊಂಡಿರಬಹುದು. ಕೊಳವೆಬಾವಿಯ ಗಡಸು ನೀರನ್ನು ವರ್ಷಾನುಗಟ್ಟಲೆ ತುಂಬಿದರೆ, ಸ್ನಾನದ ಹಂಡೆಯಲ್ಲಿ ಕಟ್ಟುವಂತೆಯೇ ಒಳಗೆ ಸುಣ್ಣದ ಪೊರೆ ಕಟ್ಟುತ್ತದೆ. ಈ ಪೊರೆಯ ಉಷ್ಣವಾಹಕತೆ ಲೋಹದ್ದಕ್ಕಿಂತ ಬಹಳ ಕಡಿಮೆ. ಕಿಡಿ ಹೊತ್ತುವ ಕಾಲ ತಡವಾಗಿದ್ದರೂ, ಬ್ರೇಕು ಚಕ್ರವನ್ನು ಸದಾ ಹಿಡಿದಿದ್ದರೂ ಹೀಗೆಯೇ ಆಗುತ್ತದೆ. ಆಗ ಹೆಚ್ಚು ಉಷ್ಣ ಹುಟ್ಟುತ್ತಿರುವುದೇ ಕಾರಣ. ರೇಡಿಯೇಟರಿನಲ್ಲಿ ನೀರು ತುಂಬಿದ್ದೂ, ಹೊರಟ ಕೆಲವೇ ನಿಮಿಷಗಳಲ್ಲಿ ಕಾದು, ಮೇಲಿನ ಹೋಸ್ ಪೈಪು ತಣ್ಣಗೇ ಉಳಿದಿದ್ದರೆ ಥರ್ಮೋಸ್ಟಾಟು ಮುಚ್ಚಿಯೇ ನಿಂತಿರುವುದು ಸಂಭವ. ಎಲ್ಲಿಯೂ ಸೋರದೆ ನೀರು ಕಡಿಮೆಯಾಗುತ್ತಿದ್ದರೆ, ಅಥವಾ ಎಣ್ಣೆಯು ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ಸಿಲಿಂಡರ್ ಹೆಡ್ಡಿನ ಗ್ಯಾಸ್ಕೆಟ್ಟು ಸುಟ್ಟಿರಬಹುದು. ಆಗ ಕಾರನ್ನು ಮುಂದೆ ಓಡಿಸಲೇಕೂಡದು. ಹೆಡ್ಡು ಸೊಟ್ಟಗಾದರೆ ದುರಸ್ತಿಯ ಖರ್ಚು ಬಹಳ ಏರುತ್ತದೆ.

ಥರ್ಮೋಸ್ಟಾಟನ್ನು ಕಿತ್ತುಹಾಕುವ ರೂಢಿಯನ್ನು ನಾವು ಒಪ್ಪುವುದಿಲ್ಲ. ‘ನಮ್ಮದು ಉಷ್ಣದೇಶ, ಇದು ಅನಾವಶ್ಯಕ’ ಎಂಬ ವಾದವುಂಟು. ಆದರೆ ಇಂಜಿನು ಬೇಗ ಬಿಸಿಯಾಗಿ ತಕ್ಕ ಉಷ್ಣತೆಯಲ್ಲಿ ನಿಲ್ಲುವುದು ಅಗತ್ಯ. ತಣ್ಣನೆಯ ಇಂಜಿನು ಹೆಚ್ಚು ಪೆಟ್ರೋಲನ್ನು ತಿನ್ನುತ್ತದೆ, ಬೇಗ ಸವೆಯುತ್ತದೆ. ಸಂಶಯವಿದ್ದರೆ ಅದನ್ನು ಬಿಚ್ಚಿ, ಉಷ್ಣಮಾಪಕದೊಡನೆ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಕಾಯಿಸಿ ನೋಡಲಿ. ತನ್ನ ಮೇಲೆ ಅಚ್ಚೊತ್ತಿರುವ ಉಷ್ಣತೆಯ ಹತ್ತಿರ ಅದು ತೆರೆದುಕೊಂಡರೆ ನಿರ್ದೋಷಿ. ಐದು ನಿಮಿಷದ ಈ ಪ್ರಯೋಗವನ್ನು ಬಿಟ್ಟು ಶಿಕ್ಷೆ ವಿಧಿಸುವುದು ನ್ಯಾಯವಲ್ಲ.

ಇನ್ನೊಂದು ವಿಷಯದಲ್ಲಿ ಅಜ್ಞಾನದ ಬೆಲೆ ಹಣಕ್ಕಿಂತ ದೊಡ್ಡದು. ರೇಡಿಯೇಟರಿನ ಮುಚ್ಚಳವು ಒಳಗಿನ ಒತ್ತಡವನ್ನು ಹೆಚ್ಚಿಸಿ ನೀರಿನ ಕುದಿಬಿಂದುವನ್ನು ಏರಿಸುತ್ತದೆ. ಒತ್ತಡವು ಚದರ ಅಂಗುಲಕ್ಕೆ 7 ಪೌಂಡು ಹೆಚ್ಚಿದರೆ ನೀರು ಸುಮಾರು 111 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ಆಗ ಮುಚ್ಚಳವನ್ನು ತಟ್ಟನೆ ತೆಗೆದರೆ ಏನಾಗುವುದೆಂದು ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು. ಒಂದು ಕಿಲೋಗ್ರಾಂ ನೀರು 111ರಿಂದ 100 ಡಿಗ್ರಿಗೆ ಇಳಿಯುವಾಗ ಸುಮಾರು 46 ಕಿಲೋಜೂಲ್ ಉಷ್ಣ ಬಿಡುಗಡೆಯಾಗುತ್ತದೆ. ಆವಿಯ ಗುಪ್ತೋಷ್ಣ ಕಿಲೋಗ್ರಾಮಿಗೆ 2260 ಕಿಲೋಜೂಲ್ ಆದುದರಿಂದ ಸುಮಾರು 20 ಗ್ರಾಂ ನೀರು ಕ್ಷಣಮಾತ್ರದಲ್ಲಿ ಆವಿಯಾಗಿ, 30 ಲೀಟರಿಗೂ ಹೆಚ್ಚು ಸ್ಥಳವನ್ನು ಬೇಡುತ್ತದೆ. ಅದು ಕುದಿನೀರನ್ನು ಎತ್ತಿಕೊಂಡು ನೇರವಾಗಿ ಮುಖಕ್ಕೆ ಚಿಮ್ಮುತ್ತದೆ. ಇಂಜಿನು ತಣಿಯುವವರೆಗೆ ಕಾಯುವುದೊಂದೇ ಮಾರ್ಗ; ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ಸುರಿದರೆ ಅದೂ ಬಿರುಕು ಬಿಟ್ಟೀತು.

ಗುಪ್ತೋಷ್ಣದ ವ್ಯಾಖ್ಯೆಯನ್ನು ತಪ್ಪಿಲ್ಲದೆ ಬರೆಯುವ ವಿದ್ಯಾರ್ಥಿಗೆ ಈ ಮುಚ್ಚಳದ ವಿಷಯ ತಿಳಿಯದಿದ್ದರೆ, ದೋಷ ಆತನದಲ್ಲ, ನಾವು ಕಲಿಸುವ ಕ್ರಮದ್ದು. ಪ್ರಾಯೋಗಿಕ ಪರೀಕ್ಷೆಯಲ್ಲಿ ಕಲರಿಮಾಪಕದ ಪಕ್ಕದಲ್ಲಿ ಥರ್ಮೋಸ್ಟಾಟೊಂದನ್ನೂ ಇಟ್ಟು, ‘ಇದು ಸರಿಯಿದೆಯೇ? ಹೇಗೆ ಬಲ್ಲಿರಿ?’ ಎಂದು ಕೇಳಬಾರದೇಕೆ? ವಿದ್ಯುತ್ ಕಾರುಗಳ ಕಾಲದಲ್ಲಿ ಇದೆಲ್ಲ ವ್ಯರ್ಥವೆನ್ನುವವರಿಗೆ, ಅನೇಕ ವಿದ್ಯುತ್ ಕಾರುಗಳ ಬ್ಯಾಟರಿಯನ್ನೂ ದ್ರವವೇ ತಂಪುಗೊಳಿಸುತ್ತದೆಯೆಂದು ನೆನಪಿಸಬಯಸುತ್ತೇವೆ. ಯಂತ್ರಗಳು ಬದಲಾಗುತ್ತವೆ, ಲಕ್ಷಣವನ್ನು ನೋಡಿ, ಕಾರಣವನ್ನು ಊಹಿಸಿ, ಊಹೆಯನ್ನು ಪರೀಕ್ಷಿಸಿ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸುವ ಕ್ರಮ ಬದಲಾಗುವುದಿಲ್ಲ. ಆ ಕ್ರಮವನ್ನು ಕಲಿಸಲು ರಸ್ತೆಯ ಬದಿಯಲ್ಲಿ ಹಬೆಯಾಡುತ್ತ ನಿಂತ ಹಳೆಯ ಕಾರಿಗಿಂತ ಅಗ್ಗದ ಪ್ರಯೋಗಶಾಲೆ ದೊರೆಯಲಾರದು.