ಮುಟ್ಟದ ಕೈಗಳ ವಿದ್ಯೆ

ನಮ್ಮವ್ವನ ಬೆನ್ನು ಒಂದು ಮೆಡಿಕಲ್ ಕಾಲೇಜಿನ ಚರ್ಮ ವಿಭಾಗದ ಪಾಠದೊಳಗಿದೆ. ಫೋಟೋ ತೆಗೆಯಬಹುದೇ ಎಂದು ಅವಳನ್ನು ಯಾರೂ ಕೇಳಲಿಲ್ಲ. ರವಿಕೆ ಬಿಚ್ಚು ಅಂದರು, ಬಿಚ್ಚಿದಳು. ಆ ಕಡೆ ತಿರುಗು ಅಂದರು, ತಿರುಗಿದಳು. ಬಿಳಿಕೋಟಿನ ಹುಡುಗ ಹುಡುಗಿಯರು ಸುತ್ತುಗಟ್ಟಿ ನಿಂತರು. ದೊಡ್ಡ ಡಾಕ್ಟರು ಜೇಬಿನಿಂದ ಪೆನ್ನು ತೆಗೆದು ಅದರ ತುದಿಯಲ್ಲಿ ಮಚ್ಚೆಯ ಅಂಚು ತೋರಿಸುತ್ತ ಇಂಗ್ಲಿಷಿನಲ್ಲಿ ಮಾತಾಡಿದರು, ಎಲ್ಲರೂ ಬರೆದುಕೊಂಡರು. ನಾನು ಹೈಸ್ಕೂಲು ಹುಡುಗ. ಅವಳ ಕೈಚೀಲವನ್ನು ಎದೆಗವಚಿಕೊಂಡು ಬಾಗಿಲ ಬಳಿ ನಿಂತಿದ್ದೆ. ಮಗನೆದುರು ಬೆತ್ತಲೆ ಬೆನ್ನಿನಲ್ಲಿ ನಿಂತ ಅವ್ವ ಗೋಡೆ ನೋಡುತ್ತಿದ್ದಳು. ಅಷ್ಟು ಜನರಲ್ಲಿ ಒಬ್ಬರೂ ಅವಳನ್ನು ಮುಟ್ಟಲಿಲ್ಲ.

ಪೆನ್ನು ಮುಟ್ಟಿತು.

ನಾವು ಊರಾಚೆಯ ಕೇರಿಯವರು. ಮುಟ್ಟಿಸಿಕೊಳ್ಳದೆ ಬದುಕುವುದು ಹೇಗೆಂದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಹೋಟೆಲಿನ ಹೊರಗೆ ಬೇರೆ ಲೋಟ, ಅಂಗಡಿಯ ಕಟ್ಟೆಯ ಮೇಲೆ ಎಸೆದ ಚಿಲ್ಲರೆ, ಗೌಡರ ಜಗಲಿಯ ಕೆಳಗೆ ನಿಂತು ಕೂಲಿ ಕೇಳುವ ಅಪ್ಪ, ಇದೆಲ್ಲ ಕಂಡೇ ಬೆಳೆದೆವು. ಆಸ್ಪತ್ರೆ ಹಾಗಿರುವುದಿಲ್ಲ ಎಂದು ನಂಬಿದ್ದೆ. ಅಲ್ಲಿ ವಿಜ್ಞಾನ ಇರುತ್ತದೆ, ವಿಜ್ಞಾನಕ್ಕೆ ಜಾತಿ ಇಲ್ಲ ಎಂದು ನಮ್ಮ ಮೇಷ್ಟ್ರು ಹೇಳಿದ್ದರು. ಜನರ ತೆರಿಗೆಯಲ್ಲಿ ಕಟ್ಟಿದ ಆ ಬಿಳಿ ಗೋಡೆಗಳ ನಡುವೆ ನಾನು ಕಂಡದ್ದು ಅದೇ ಜಗಲಿ, ಅದೇ ಅಂತರ.

ಚರ್ಮದ ವೈದ್ಯಕ್ಕೆ ಮುಟ್ಟುವುದು ಉಪಕಾರವಲ್ಲ, ಅದು ಪರೀಕ್ಷೆ. ಕುಷ್ಠದ ಮಚ್ಚೆ ಕಣ್ಣಿಗೆ ಸಿಬ್ಬದ ಹಾಗೆ ಕಾಣಬಹುದು, ಹುಳುಕಡ್ಡಿಯ ಹಾಗೆ ಕಾಣಬಹುದು, ತೊನ್ನಿನ ಮೊದಲ ಕಲೆ ಅನ್ನಿಸಬಹುದು. ಹತ್ತಿಯ ಎಳೆ ತಾಗಿಸಿ ತಿಳಿಯುತ್ತಾ ಎಂದು ಕೇಳಬೇಕು. ಮೊಣಕೈಯ ಹಿಂದೆ ಬೆರಳಿಟ್ಟು ನರ ದಪ್ಪಗಾಗಿದೆಯೇ ಎಂದು ತಡವಬೇಕು. ಸ್ಪರ್ಶಜ್ಞಾನವಿಲ್ಲದ ಮಚ್ಚೆ ಎಂದು ಊರೂರ ಗೋಡೆಗಳ ಮೇಲೆ ಬರೆಸಿದವರಿಗೆ ಅದನ್ನು ಮುಟ್ಟಿಯೇ ತಿಳಿಯಬೇಕೆಂಬುದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಅವ್ವನಿಗೆ ಮೊದಲು ಹುಳುಕಡ್ಡಿ ಎಂದರು. ಒಂದು ಟ್ಯೂಬು ಬರೆದರು. ಅದು ಮುಗಿದ ಮೇಲೆ ಇನ್ನೊಂದು. ಕೆಂಪಗಾಗಿತ್ತೇ ಎಂದು ಕೇಳಿದರು. ನಮ್ಮಂಥ ಕಪ್ಪು ಮೈಯಲ್ಲಿ ಉರಿಯೂತ ಪುಸ್ತಕದ ಚಿತ್ರದ ಹಾಗೆ ಕೆಂಪಗೆ ಕಾಣುವುದಿಲ್ಲ. ಕಪ್ಪಗೆ, ನೇರಳೆಗೆ ತಿರುಗುತ್ತದೆ. ಪುಸ್ತಕಗಳ ಚಿತ್ರಗಳು ಬಹುಕಾಲ ಬಿಳಿಯರ ಮೈಯವೇ ಆಗಿದ್ದವು. ಚರ್ಮದ ಬಣ್ಣವನ್ನು ವರ್ಗ ಮಾಡಲು ಜಗತ್ತೆಲ್ಲ ಬಳಸುವ ಫಿಟ್ಜ್‌ಪ್ಯಾಟ್ರಿಕ್ ಅಳತೆಗೋಲು 1975ರಲ್ಲಿ ಹುಟ್ಟಿದಾಗ ಬಿಳಿ ಚರ್ಮಕ್ಕಷ್ಟೇ ಇತ್ತು. ಕಂದು ಮತ್ತು ಕಪ್ಪನ್ನು ಆಮೇಲೆ ಸೇರಿಸಿದರು. ಇಲ್ಲ ಸ್ವಾಮಿ, ಕೆಂಪಗಾಗಿಲ್ಲ ಎಂದಳು ಅವ್ವ. ಅಷ್ಟಕ್ಕೇ ಮಾತು ಮುಗಿಯಿತು.

ಒಂದು ಸಂಜೆ ಒಲೆಯಿಂದ ಪಾತ್ರೆ ಇಳಿಸುವಾಗ ಅವಳ ಕಿರುಬೆರಳು ಸುಟ್ಟಿತು. ಅವಳಿಗೆ ತಿಳಿಯಲೇ ಇಲ್ಲ. ಕಮಟು ವಾಸನೆಗೆ ತಂಗಿ ಓಡಿ ಬಂದು ಕಿರುಚಿದಳು.

ಆಮೇಲೆ ಮತ್ತೆ ಆಸ್ಪತ್ರೆ, ಆ ಪೆನ್ನಿನ ದಿನ. ಗುಂಪು ಚದುರಿದ ಮೇಲೆ ಒಬ್ಬ ಪಿ.ಜಿ. ಡಾಕ್ಟರಮ್ಮ ಹಿಂದೆ ಉಳಿದರು. ಸ್ಟೂಲು ಎಳೆದು, "ಕೂತ್ಕೊಳ್ಳಮ್ಮ, ರವಿಕೆ ಹಾಕ್ಕೊಳ್ಳಿ ಮೊದ್ಲು" ಅಂದರು. ಮುಂಗೈ ಮೇಲಿದ್ದ ಸಣ್ಣ ಮಚ್ಚೆ ನೋಡಿದರು. "ಕಣ್ಮುಚ್ಚಿ. ನಾನೆಲ್ಲಿ ಮುಟ್ತೀನೋ ಅಲ್ಲಿ ಬೆರಳಿಡಿ." ಹತ್ತಿಯ ಎಳೆ ಮಚ್ಚೆಯ ಸುತ್ತ ತಾಗಿದಾಗೆಲ್ಲ ಅವ್ವ ಬೆರಳಿಟ್ಟಳು. ಮಚ್ಚೆಯ ಮೇಲೆ ಹರಿದಾಡಿದಾಗ ಸುಮ್ಮನೆ ಕೂತಿದ್ದಳು, ಇನ್ನೂ ಶುರುವಾಗಿಲ್ಲ ಅನ್ನುವ ಹಾಗೆ. ಡಾಕ್ಟರಮ್ಮ ಬರಿಗೈಯಲ್ಲಿ ಮೊಣಕೈ ಹಿಡಿದರು. ನರ ಹುರಿಹಗ್ಗದಂತೆ ಬಿಗಿದಿತ್ತು. ರೋಗ ಸಿಕ್ಕಿದ್ದು ಹಾಗೆ: ಎರಡು ಬೆರಳು, ಒಂದು ಚೂರು ಹತ್ತಿ, ಐದು ನಿಮಿಷ. ಇಷ್ಟಕ್ಕಾಗಿ ನನ್ನವ್ವನ ಕೈ ಸುಡಬೇಕಾಗಿತ್ತೇ?

ಆ ಡಾಕ್ಟರಮ್ಮನಿಗೆ ವಿಭಾಗದಲ್ಲಿ ಸಿಕ್ಕ ಬೆಲೆ ಏನೆಂದು ಬಹಳ ವರ್ಷಗಳ ಮೇಲೆ ಅವರ ಬಾಯಲ್ಲೇ ಕೇಳಿದೆ. ಮೀಸಲಾತಿಯಲ್ಲಿ ಸೀಟು ಪಡೆದವರು ಅವರು. ಬೆನ್ನ ಹಿಂದೆ 'ಕೋಟಾ' ಅನ್ನುತ್ತಿದ್ದರಂತೆ. ಎಂ.ಡಿ.ಗೆ ಪ್ರಬಂಧ ಬರೆಯಲೇಬೇಕು, ಅದಕ್ಕೆ ಗೈಡ್ ಸಹಿ ಹಾಕಲೇಬೇಕು. ಆ ಸಹಿಯೊಂದನ್ನು ಹಿಡಿದು ಮೂರು ವರ್ಷ ಒಬ್ಬ ಮನುಷ್ಯನನ್ನು ಆಳು ಮಾಡಿಕೊಳ್ಳಬಹುದು. ದೊಡ್ಡವರ ಬ್ಯಾಂಕಿನ ಕೆಲಸ, ಮಗಳ ಸ್ಕೂಲಿನ ಕೆಲಸ, ಸಂಜೆ ಅವರ ಖಾಸಗಿ ಕ್ಲಿನಿಕ್ಕಿನಲ್ಲಿ ಲೇಸರ್ ಮಾಡಿಸಿಕೊಂಡವರ ಫೋನಿಗೆ ಉತ್ತರ. ಪಾಠ ಉಳಿದ ಹೊತ್ತಿನಲ್ಲಿ. 2019ರಲ್ಲಿ ಮುಂಬೈಯಲ್ಲಿ ಆದಿವಾಸಿ ಸಮುದಾಯದ ಪಿ.ಜಿ. ವೈದ್ಯೆ ಪಾಯಲ್ ತಡ್ವಿ ಪ್ರಾಣ ಕಳೆದುಕೊಂಡಾಗ ದೇಶ ಒಂದು ವಾರ ಮರುಗಿತು. ಆಕೆಯದು ಹೆರಿಗೆ ವಿಭಾಗ. ವಿಭಾಗ ಯಾವುದಾದರೇನು, ಆ ಮೂರು ವರ್ಷ ಎಲ್ಲ ಕಡೆ ಒಂದೇ. ಮೇಲಿನವರು ತುಳಿದದ್ದನ್ನು ನುಂಗಿ ನುಂಗಿ, ಕೆಳಗೆ ಕಂಡವರನ್ನು ತುಳಿಯಲು ಕಲಿಯುತ್ತಾರೆ. ಕೆಳಗೆ ಕೊನೆಯಲ್ಲಿ ಇರುವುದು ರೋಗಿ.

ಅವ್ವನಿಗೆ ಹನ್ನೆರಡು ತಿಂಗಳ ಮಾತ್ರೆ ಕೊಟ್ಟರು. ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೊಫಾಜಿಮಿನ್. ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಶಿಫಾರಸು ಮಾಡಿದ ಈ ಮದ್ದು ಕುಷ್ಠವನ್ನು ಪೂರ್ತಿ ಗುಣಪಡಿಸುತ್ತದೆ, ಕಾಸಿಲ್ಲದೆ ಸಿಗುತ್ತದೆ. ನಾನು ಆ ಮಾತ್ರೆಗೆ ಕೈಮುಗಿಯುತ್ತೇನೆ. ಆದರೆ ಮೊದಲ ದಿನ ಮೂತ್ರ ಕೆಂಪಗೆ ಹೋಗುತ್ತದೆ, ಹೆದರಬೇಡಮ್ಮ ಎಂದು ಒಂದು ಮಾತು ಯಾರೂ ಹೇಳಲಿಲ್ಲ. ರಕ್ತ ಹೋಗ್ತಿದೆ ಎಂದು ಅವ್ವ ರಾತ್ರಿಯಿಡೀ ಅತ್ತಳು. ಕ್ಲೊಫಾಜಿಮಿನ್‌ನಿಂದ ಮೈ ಕಪ್ಪಿಡುತ್ತದೆ, ನಿಲ್ಲಿಸಿದ ಮೇಲೆ ನಿಧಾನವಾಗಿ ತಿಳಿಯಾಗುತ್ತದೆ ಎಂದೂ ಹೇಳಲಿಲ್ಲ. ಮುಖ ಸುಟ್ಟಂತಾದಾಗ ಇಡೀ ಕೇರಿಗೆ ರೋಗ ಗೊತ್ತಾಯಿತು. ಹೇಳಲು ಬೇಕಿದ್ದದ್ದು ಕನ್ನಡದ ಎರಡು ವಾಕ್ಯ. ಅಪ್ಪನ ಅಣ್ಣ ಬಂದು, ಇವಳನ್ನು ಬಿಟ್ಟುಬಿಡು ಎಂದರು. ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವಾಗಿಸುವ ಮಾತು ಹಿಂದೂ ವಿವಾಹ ಕಾಯ್ದೆಯೊಳಗೇ ಇತ್ತು. ಅದನ್ನು ಕಿತ್ತುಹಾಕಿದ್ದು 2019ರಲ್ಲಿ. ಅಪ್ಪ ಬಿಡಲಿಲ್ಲ. ಓದು ಬರಹ ಬಾರದ ಆ ಕೂಲಿಯವನಿಗೆ ಇದ್ದ ಮನುಷ್ಯತ್ವ ಸಂಸತ್ತಿಗೆ ಬರಲು ಅಷ್ಟು ಕಾಲ ಬೇಕಾಯಿತು.

2005ರ ಡಿಸೆಂಬರಿನಲ್ಲಿ ದೇಶದಲ್ಲಿ ಕುಷ್ಠ 10,000 ಜನರಲ್ಲಿ ಒಬ್ಬರಿಗಿಂತ ಕಡಿಮೆಯಾಯಿತೆಂದು ಲೆಕ್ಕ ಮಾಡಿ, ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಅದು ತೊಲಗಿತೆಂದು ಸಾರಿದರು. ಜಗತ್ತಿನಲ್ಲಿ ಇಂದಿಗೂ ಹೊಸದಾಗಿ ಪತ್ತೆಯಾಗುವ ಕುಷ್ಠರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಈ ದೇಶದವರು. 2022ರಲ್ಲಿ ಇಲ್ಲಿನ ಅವರ ಸಂಖ್ಯೆ ಒಂದು ಲಕ್ಷ ದಾಟಿತ್ತು. ತೊಲಗಿತು ಎಂದ ಮೇಲೆ ಹುಡುಕುವ ಕಣ್ಣು ಕಡಿಮೆಯಾಯಿತು, ಕಲಿಸುವ ಹುರುಪು ಕಡಿಮೆಯಾಯಿತು. ಎಂ.ಬಿ.ಬಿ.ಎಸ್. ಓದುವವನಿಗೆ ಚರ್ಮ ವಿಭಾಗದಲ್ಲಿ ಸಿಗುವುದು ಕೆಲವೇ ವಾರ. ಅವನೇ ನಾಳೆ ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೂರುತ್ತಾನೆ. ನರ ತಡವಿ ನೋಡದ ಕೈಗೆ ಮಚ್ಚೆ ಸಿಕ್ಕರೆ ಅದು ಟ್ಯೂಬು ಬರೆಯುತ್ತದೆ, ಅಷ್ಟೆ.

ಕಲಿತವರು ಎಲ್ಲಿ ಹೋದರು? ಡರ್ಮಟಾಲಜಿ, ವೆನಿರಿಯಾಲಜಿ ಮತ್ತು ಲೆಪ್ರಸಿ ಎಂದು ಪದವಿಯ ಹೆಸರಿನಲ್ಲೇ ಕುಷ್ಠವಿದೆ. ಪಿ.ಜಿ. ಸೀಟು ಆರಿಸುವಾಗ ಮೇಲಿನ ರ‍್ಯಾಂಕಿನವರು ಮೊದಲು ಬಾಚಿಕೊಳ್ಳುವ ವಿಷಯಗಳಲ್ಲಿ ಇದೂ ಒಂದು. ಖಾಸಗಿ ಕಾಲೇಜಿನಲ್ಲಿ ಸೀಟಿನ ಬೆಲೆ ಕೋಟಿಗಳಲ್ಲಿ. ಅಷ್ಟು ಸುರಿದವನು ಕುಷ್ಠರೋಗಿಯ ಮೊಣಕೈ ಹಿಡಿಯಲು ಬಂದಿಲ್ಲ. ಬೆಂಗಳೂರಿನ ಯಾವ ದೊಡ್ಡ ರಸ್ತೆಗೆ ಬೇಕಾದರೂ ಹೋಗಿ, ಕ್ಲಿನಿಕ್ಕುಗಳ ಬೋರ್ಡು ಓದಿ: ಲೇಸರ್, ಪೀಲಿಂಗ್, ಬೋಟಾಕ್ಸ್, ಕೂದಲು ಕಸಿ. ನಮ್ಮ ಮೈಯನ್ನು ಓದಿ ಓದಿ ಗಳಿಸಿದ ವಿದ್ಯೆ ನಮ್ಮ ಮೈಗೆ ವಾಪಸು ಬರುವುದಿಲ್ಲ. ನನ್ನ ಸಿಟ್ಟೆಲ್ಲ ಇದೇ.

ತಂಗಿಯ ಕಥೆಯನ್ನೂ ಕೇಳಿ. ಗಂಡಿನ ಕಡೆಯವರು ಬಣ್ಣ ಕಡಿಮೆ ಎಂದರು. ಯಾರೋ ಹೇಳಿದರೆಂದು ಔಷಧಿ ಅಂಗಡಿಯಿಂದ ಒಂದು ಕ್ರೀಮು ತಂದಳು. ಬೆಟಾಮೆಥಸೋನ್, ಸ್ಟೀರಾಯ್ಡು. ಮೊದಲ ತಿಂಗಳು ಮುಖ ಬೆಳ್ಳಗಾಯಿತು, ಮದುವೆ ಗೊತ್ತಾಯಿತು. ಆಮೇಲೆ ಚರ್ಮ ತೆಳುವಾಗಿ ಒಳಗಿನ ರಕ್ತನಾಳಗಳು ಗೆರೆಗೆರೆಯಾಗಿ ಕಂಡವು, ಮೊಡವೆ ಎದ್ದವು, ಗಲ್ಲದ ಮೇಲೆ ಕೂದಲು ಬಂತು. ಕ್ರೀಮು ಬಿಟ್ಟರೆ ಬಿಸಿಲಿಗೆ ಮುಖ ಧಗಧಗ ಉರಿಯುತ್ತಿತ್ತು. ಈ ಸ್ಥಿತಿಗೆ ಚರ್ಮವೈದ್ಯರು ಒಂದು ಹೆಸರೂ ಇಟ್ಟಿದ್ದಾರೆ, ಅಷ್ಟು ಮುಖಗಳು ಹೀಗೆ ಹಾಳಾಗಿವೆ ಈ ದೇಶದಲ್ಲಿ. ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ತಂದಿತು. ನಿಮ್ಮ ಬೀದಿಯ ಅಂಗಡಿಗೆ ಹೋಗಿ ಕೇಳಿ, ಕೊಡುತ್ತಾರೆ. ಚರ್ಮ ವಿಭಾಗದಲ್ಲಿ ಅವಳಿಗೆ ಸಿಕ್ಕ ಮೊದಲ ಮಾತು, "ನಿನಗ್ಯಾರು ಹಚ್ಕೋ ಅಂದಿದ್ದು? ಬುದ್ಧಿ ಇಲ್ವಾ?" ಹಾಗೆ ಬೈದವರದೇ ಸಂಜೆಯ ಕ್ಲಿನಿಕ್ಕಿನ ಗೋಡೆಯ ಮೇಲೆ ಬೆಳ್ಳಗಿನ ಹೆಣ್ಣಿನ ಚಿತ್ರ, ಪಕ್ಕದಲ್ಲಿ ಪ್ಯಾಕೇಜಿನ ದರ. ಬಿಳಿಯಾಗು ಎಂದು ಹೇಳಿದ್ದು ನೀವೇ. ಅವಳು ನಿಮ್ಮ ಮಾತು ಕೇಳಿದಳು.

ಚರ್ಮ ವಿಭಾಗದ ಬೆಂಚಿನ ಮೇಲೆ ಒಂದು ಬೆಳಿಗ್ಗೆ ಕೂತರೆ ಈ ನಾಡಿನ ದುಡಿಮೆಯೆಲ್ಲ ಕಾಣುತ್ತದೆ. ಸಿಮೆಂಟು ಕಲಸಿ ಕೈ ಬಿರಿದವರು. ಪಾರ್ಥೇನಿಯಂ ತಾಗಿ ಮುಖ ಕತ್ತು ದಪ್ಪಗಟ್ಟಿ ಕರಿಯಿಟ್ಟ ರೈತರು. ಬರಿಗೈಯಲ್ಲಿ ಕಸ ಎತ್ತಿ ಬೆರಳ ಸಂದು ಕೊಳೆತ ಪೌರಕಾರ್ಮಿಕರು. ಅವರಿಗೆ ಸಿಗುವ ಸಲಹೆ: ಸಿಮೆಂಟು ಮುಟ್ಟಬೇಡಿ, ಹೊಲಕ್ಕೆ ಹೋಗಬೇಡಿ, ನೀರಲ್ಲಿ ಕೈ ಇಡಬೇಡಿ. ಏನು ತಿನ್ನಬೇಕು ಎಂದು ಚೀಟಿಯಲ್ಲಿ ಬರೆದಿರುವುದಿಲ್ಲ. ನಮ್ಮ ಹಾಸ್ಟೆಲಿನಲ್ಲಿ ಕಜ್ಜಿ ಎದ್ದಾಗಲೂ ಅಷ್ಟೆ. ಕೋಣೆಯ ಎಲ್ಲರೂ ಒಂದೇ ರಾತ್ರಿ ಕತ್ತಿನಿಂದ ಪಾದದವರೆಗೆ ಪರ್ಮೆಥ್ರಿನ್ ಹಚ್ಚಬೇಕು, ಹಾಸಿಗೆ ಬಟ್ಟೆಯೆಲ್ಲ ಬಿಸಿನೀರಲ್ಲಿ ಒಗೆಯಬೇಕು ಎಂದರು. ಕೊಟ್ಟದ್ದು ಒಂದು ಟ್ಯೂಬು. ಒಬ್ಬನ ಮೈಗೇ ಅದು ಬೇಕು. ಚಾಪೆ ಹಂಚಿಕೊಂಡು ಮಲಗುವ ಹುಡುಗರಿಗೆ ಬಿಸಿನೀರು ಎಲ್ಲಿಂದ ಬರಬೇಕು? ಮತ್ತೆ ಹೋದಾಗ, ಕೊಳಕು ಮಕ್ಕಳು ಎಂದರು.

ಅತ್ಯಂತ ಕೆಟ್ಟದ್ದು ಪರೀಕ್ಷೆಯ ಕಾಲ. ಎಂ.ಡಿ. ಪ್ರ್ಯಾಕ್ಟಿಕಲ್ ಹತ್ತಿರ ಬಂದಾಗ 'ಒಳ್ಳೆಯ ಕೇಸು'ಗಳಿಗೆ ಫೋನು ಬರುತ್ತದೆ. ಬಸ್ ಚಾರ್ಜು ಕೊಡುತ್ತಾರೆ, ಊಟ ಕೊಡುತ್ತಾರೆ. ಮೈ ಪೂರ್ತಿ ಸೋರಿಯಾಸಿಸ್ ಆದ ನಮ್ಮ ದೊಡ್ಡಪ್ಪನಿಗೆ ಹಾಗೆ ಕರೆ ಬಂತು. ಆ ಕಡೆಯ ಹುಡುಗ ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ: "ಪರೀಕ್ಷೆ ಮುಗಿಯೋ ತನಕ ಆಯಿಂಟ್‌ಮೆಂಟ್ ಹಚ್ಚಬೇಡಿ ಅಜ್ಜ, ಹಚ್ಚಿದ್ರೆ ಹೊಟ್ಟು ಕಾಣಲ್ಲ." ದೊಡ್ಡಪ್ಪ ಹಚ್ಚಲಿಲ್ಲ. ಹೊಟ್ಟು ಚೆನ್ನಾಗಿ ಕಂಡಿತು. ಹುಡುಗ ಪಾಸಾದ.

ಕಲಿಯಬೇಡವೇ ಎಂದು ಕೇಳುವವರಿದ್ದಾರೆ. ಕಲಿಯಿರಿ. ಆದರೆ ನಿಮ್ಮ ಕಲಿಕೆಯ ಚರಿತ್ರೆಯನ್ನೂ ಪೂರ್ತಿ ಕಲಿಯಿರಿ. ಹ್ಯಾನ್ಸನ್ 1873ರಲ್ಲಿ ನಾರ್ವೆಯ ಬರ್ಗೆನ್‌ನಲ್ಲಿ ಕುಷ್ಠದ ರೋಗಾಣು ಕಂಡುಹಿಡಿದ ಎಂದು ಬಾಯಿಪಾಠ ಮಾಡಿಸುತ್ತೀರಿ. ಅವನೇ ಒಬ್ಬ ರೋಗಿ ಹೆಣ್ಣಿನ ಕಣ್ಣಿಗೆ, ಅವಳ ಒಪ್ಪಿಗೆ ಇಲ್ಲದೆ, ಇನ್ನೊಬ್ಬರ ಗಂಟಿನ ರಸ ಚುಚ್ಚಿದ. 1880ರಲ್ಲಿ ನ್ಯಾಯಾಲಯ ಅವನನ್ನು ಆಸ್ಪತ್ರೆಯ ಹುದ್ದೆಯಿಂದ ತೆಗೆಯಿತು. ಇದನ್ನೂ ಅದೇ ಪಾಠದಲ್ಲಿ ಹೇಳಿ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನಲ್ಲಿ 1951ರಿಂದ 1974ರವರೆಗೆ ಕೈದಿಗಳ ಚರ್ಮದ ಮೇಲೆ ಪ್ರಯೋಗ ನಡೆಸಿದ. ಅವರಲ್ಲಿ ಹೆಚ್ಚಿನವರು ಕರಿಯರು. ಡಯಾಕ್ಸಿನ್‌ನಂಥ ವಿಷವನ್ನೂ ಹಚ್ಚಿದ. ನೀವು ಮೊಡವೆಗೆ ಬರೆಯುವ ಟ್ರೆಟಿನಾಯಿನ್‌ಗೆ ಆ ಮನುಷ್ಯನ ಹೆಸರು ಅಂಟಿದೆ. ಅಲ್ಲಿನ ವೈದ್ಯಕೀಯ ಶಾಲೆ ಕ್ಷಮೆ ಕೇಳಿದ್ದು 2021ರಲ್ಲಿ, ಅವನು ಸತ್ತು ಹನ್ನೊಂದು ವರ್ಷದ ಮೇಲೆ. ನಮ್ಮಲ್ಲಿ ಅಷ್ಟೂ ಆಗಿಲ್ಲ.

ಚರ್ಮ ಓದುವ ವಿದ್ಯೆ ಎಂಥ ದೊಡ್ಡದೆಂದು ನನಗೆ ಗೊತ್ತು. ಗೊತ್ತಿರುವುದರಿಂದಲೇ ಕೂಗುತ್ತಿದ್ದೇನೆ. ಯಾದಗಿರಿ ಜಿಲ್ಲೆಯಲ್ಲಿ ಹಳೆಯ ಚಿನ್ನದ ಗಣಿಯ ಬಳಿ ಕಿರದಳ್ಳಿ ತಾಂಡಾ ಇದೆ. ಆ ಗಣಿ ಪ್ರದೇಶದ ಜನರ ಅಂಗೈ ಅಂಗಾಲಿನ ಗಂಟುಗಳನ್ನು, ಮೈಮೇಲಿನ ಕಲೆಗಳನ್ನು ಸಂಶೋಧಕರು ಓದಿದರು. 2013ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಪರೀಕ್ಷಿಸಿದ 181 ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಚರ್ಮದ ಮೇಲೆ ಆರ್ಸೆನಿಕ್ ವಿಷದ ಗುರುತಿತ್ತು. ಲೀಟರ್ ನೀರಿನಲ್ಲಿ 10 ಮೈಕ್ರೊಗ್ರಾಂ ದಾಟಬಾರದ ಆರ್ಸೆನಿಕ್ ಒಂದು ಕೊಳವೆಬಾವಿಯಲ್ಲಿ 303 ಇತ್ತು. ಚರ್ಮ ನೀರಿನ ಕಥೆ ಹೇಳಿತು. ಹೀಗೆ ಹಟ್ಟಿ, ತಾಂಡಾ, ಕೇರಿಗಳಿಗೆ ಹೋಗಿ ಮೈ ಓದುವುದು ಪಿ.ಜಿ. ತರಬೇತಿಯ ನಡುಭಾಗವಾಗಬೇಕು. ಓಪಿಡಿಯಲ್ಲಿ ಕೂತು ನಮ್ಮ ಫೋಟೋ ಸೇರಿಸುವುದು ವಿದ್ಯೆಯಲ್ಲ, ಕಳವು.

ಓದುವ ನಿಮಗೆ ಒಂದು ಮಾತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ರೋಗಿಗಳ ಹಕ್ಕುಗಳ ಸನ್ನದನ್ನು ಸಿದ್ಧಪಡಿಸಿದೆ. ರೋಗ ಏನೆಂದು ತಿಳಿಯುವ ಹಕ್ಕು, ಒಪ್ಪಿಗೆ ಕೊಡುವ ಅಥವಾ ಕೊಡದಿರುವ ಹಕ್ಕು, ಮೈಯ ಮಾನ ಕಾಪಾಡಿಕೊಳ್ಳುವ ಹಕ್ಕು ಅದರಲ್ಲಿವೆ. ಗಂಡು ಡಾಕ್ಟರು ಹೆಣ್ಣಿನ ಮೈ ನೋಡುವಾಗ ಇನ್ನೊಬ್ಬ ಹೆಣ್ಣು ಜೊತೆಗಿರಬೇಕೆಂದೂ ಅದು ಹೇಳುತ್ತದೆ. ನಿಮ್ಮವ್ವನನ್ನು, ನಿಮ್ಮ ತಂಗಿಯನ್ನು ಚರ್ಮ ವಿಭಾಗಕ್ಕೆ ಕರೆದುಕೊಂಡು ಹೋದಾಗ ಬಾಗಿಲ ಬಳಿ ನಿಲ್ಲಬೇಡಿ, ಒಳಗೆ ಹೋಗಿ. ಕ್ಯಾಮೆರಾ ಎತ್ತಿದರೆ ಯಾಕೆ ಎಂದು ಕೇಳಿ. ಮಚ್ಚೆ ಇದ್ದರೆ ಮುಟ್ಟಿ ನೋಡಿ ಎನ್ನಿ. ಇಂಗ್ಲಿಷಿನಲ್ಲಿ ಮಾತಾಡಿದರೆ ಕನ್ನಡದಲ್ಲಿ ಹೇಳಿ ಎನ್ನಿ. ಗುಂಪಿನೆದುರು ಬಟ್ಟೆ ಬಿಚ್ಚಲು ಮನಸ್ಸಿಲ್ಲದಿದ್ದರೆ ಬೇಡ ಎನ್ನಿ. ಬೇಡ ಎಂದ ಕಾರಣಕ್ಕೆ ಔಷಧಿ ನಿಲ್ಲಿಸುವ ಹಕ್ಕು ಯಾವ ಡಾಕ್ಟರಿಗೂ ಇಲ್ಲ.